ಹದಿಮೂರಕ್ಕೆ ಹದಿಮೂರು ಗೆದ್ದವರನ್ನು ಹೊರಗೆ ನಿಲ್ಲಿಸಿದವರಿಗೆ

ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಆಯ್ಕೆ ಸಮಿತಿಯವರಿಗೆ ನಮಸ್ಕಾರ.

ನಿಮ್ಮ ಹದಿಮೂರು ಜನರಲ್ಲಿ ಒಬ್ಬರಿಗೂ ಕನ್ನಡ ಬರಲಿಕ್ಕಿಲ್ಲ. ಪರವಾಗಿಲ್ಲ. 2023ರಲ್ಲಿ ಒಂದೂ ಸೋಲದ ನಮ್ಮ ಫ್ಲೋರಿಡಾ ಸ್ಟೇಟ್ ತಂಡವನ್ನು ನೀವು ಪ್ಲೇಆಫ್‌ನಿಂದ, ಅಂದರೆ ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಕಪ್ಪಿನ ಕೊನೆಯ ಸುತ್ತುಗಳಿಂದ, ಹೊರಗಿಟ್ಟದ್ದಕ್ಕೆ ಇಂಗ್ಲಿಷಿನಲ್ಲಿ ನಿಮ್ಮನ್ನು ಬೈದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಹೋಗಿ ಸೇರಿಕೊಂಡರೆ ಗದ್ದಲ ಇನ್ನಷ್ಟು ಜಾಸ್ತಿ ಆಗುತ್ತದೆ, ಅಷ್ಟೇ. ಹೊಟ್ಟೆಯೊಳಗಿನ ಸಂಕಟ ಹೇಳಿಕೊಳ್ಳಲು ನನಗೆ ಸಲೀಸಾಗುವುದು ಕನ್ನಡದಲ್ಲೇ. ಹಾಗಾಗಿ ಪತ್ರ ನಿಮಗೆ, ಓದುವವರು ನಮ್ಮವರು.

ಓದಲು ಅಂತ ಫ್ಲೋರಿಡಾದ ಟ್ಯಾಲಹಾಸೀಗೆ ಬಂದವನು ನಾನು, ಇಲ್ಲೇ ಉಳಿದುಬಿಟ್ಟೆ. ಮೊದಲ ವರ್ಷ ಈ ಆಟ ನೋಡಿ ನಗು ಬಂದಿತ್ತು. ಹೆಸರು ಫುಟ್‌ಬಾಲ್, ಆದರೆ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಐದು ಸೆಕೆಂಡ್ ಓಡಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಆಮೇಲೆ ಅರ್ಧ ನಿಮಿಷ ನಿಂತು ಮಾತಾಡುತ್ತಾರೆ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ. ಇಡೀ ಆಟದ ಗುಟ್ಟು ಇಷ್ಟೇ ಅಂತ ತಲೆಗೆ ಹೋಗಲು ನನಗೆ ಒಂದು ಸೀಸನ್ ಬೇಕಾಯಿತು. ತಿಳಿದ ಮೇಲೆ ಮಾತ್ರ ಬಿಡಲು ಆಗಲಿಲ್ಲ. ಅದಕ್ಕೆ ಅರ್ಧ ಕಾರಣ ಆಟ, ಇನ್ನರ್ಧ ಕಾರಣ ಪಕ್ಕದ ಸೀಟಿನ ಅಜ್ಜ.

ಫ್ಲೋರಿಡಾ ಸ್ಟೇಟ್ ತಂಡದ ಡೋಕ್ ಕ್ಯಾಂಪ್‌ಬೆಲ್ ಸ್ಟೇಡಿಯಂನಲ್ಲಿ 2023ರಲ್ಲಿ ಎಂಬತ್ತು ಸಾವಿರದ ಹತ್ತಿರ ಜನ ಕೂರುತ್ತಿದ್ದರು. ನಾವಿಬ್ಬರೂ ಮೇಲಿನ ಸಾಲಿನವರು. ಅಜ್ಜನಿಗೆ ಎಂಬತ್ತರ ಹತ್ತಿರ ವಯಸ್ಸು. ಬಾಬಿ ಬೌಡನ್ 1976ರಲ್ಲಿ ಕೋಚ್ ಆಗಿ ಬಂದಾಗಿನಿಂದ ಇವರು ಒಂದು ಸೀಸನ್ ಕೂಡ ಬಿಟ್ಟಿಲ್ಲವಂತೆ. ಕಣ್ಣೆದುರಿಗೇ ಆಟ ನಡೆಯುತ್ತಿದ್ದರೂ ಕಿವಿಗೆ ಚಿಕ್ಕ ರೇಡಿಯೊದ ವೈರು ಸಿಕ್ಕಿಸಿಕೊಂಡಿರುತ್ತಾರೆ. ಯಾಕೆ ಅಂತ ಒಮ್ಮೆ ಕೇಳಿದ್ದೆ. 'ಕಣ್ಣು ಸುಳ್ಳು ಹೇಳುತ್ತದೆ, ರೇಡಿಯೊದವನು ಹೇಳಲ್ಲ' ಅಂದರು. ಆ ಅಜ್ಜನ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು 2023ರ ಸೀಸನ್. ನಿಮಗೆ ಅದು ಹಳೇ ಕಡತ. ಅಂದು ಕುರ್ಚಿಯಲ್ಲಿ ಕೂತಿದ್ದ ಕೆಲವರು ಅವಧಿ ಮುಗಿಸಿ ಹೋಗಿದ್ದಾರೆ ಕೂಡ. ಆದರೆ ಕುರ್ಚಿ ಅಲ್ಲೇ ಇದೆ ಅಲ್ವಾ?

ಫ್ಲೋರಿಡಾ ಸ್ಟೇಟ್ ತಂಡ ಅದಕ್ಕೂ ಮುಂಚೆ ಯಾವ ಸ್ಥಿತಿಯಲ್ಲಿತ್ತು ಅಂತ ನೆನಪಿಸಬೇಕು. ಮೈಕ್ ನಾರ್ವೆಲ್ ಕೋಚ್ ಆಗಿ ಬಂದ 2020ರಲ್ಲಿ ಮೂರು ಗೆಲುವು, ಆರು ಸೋಲು. 2021ರಲ್ಲಿ ಮೊದಲ ನಾಲ್ಕೂ ಪಂದ್ಯ ಸೋತರು. ಅದರಲ್ಲೊಂದು ಜಾಕ್ಸನ್‌ವಿಲ್ ಸ್ಟೇಟ್ ಅನ್ನುವ ಸಣ್ಣ ತಂಡದ ಎದುರು, ನಮ್ಮದೇ ಮೈದಾನದಲ್ಲಿ, ಗಡಿಯಾರ ಸೊನ್ನೆಗೆ ಬಂದ ಕೊನೆಯ ಎಸೆತದಲ್ಲಿ. 17-20. ಆವತ್ತು ಮನೆಗೆ ಹೋಗುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎದೆಯ ಮೇಲೆ ಮೂರು ರಾಷ್ಟ್ರೀಯ ಪ್ರಶಸ್ತಿ ಹೊತ್ತ ತಂಡ ಇದೇನಾ ಅನ್ನಿಸಿತ್ತು. ಆ ತಂಡದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ, ಅಂದರೆ ಚೆಂಡು ಎಸೆದು ಆಟ ನಡೆಸುವವರಲ್ಲಿ, ಒಬ್ಬ ಜಾರ್ಡನ್ ಟ್ರಾವಿಸ್. ಅವನು ಬಿಟ್ಟು ಹೋಗಲಿಲ್ಲ. 2022ರಲ್ಲಿ ಹತ್ತು ಗೆಲುವು, ಮೂರು ಸೋಲು. ನಿಧಾನಕ್ಕೆ ಮೇಲೆದ್ದರು.

2023ರ ಸೆಪ್ಟೆಂಬರ್ 3ರಂದು ಒರ್ಲ್ಯಾಂಡೋದಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಜೊತೆ ಮೊದಲ ಪಂದ್ಯ. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್. ವರ್ಷದ ಕೊನೆಗೆ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಎತ್ತಿದವನು ಅವನೇ. ಆ ತಂಡವನ್ನು 45-24ರಲ್ಲಿ ಸೋಲಿಸಿದರು. ಮೂರು ವಾರದ ನಂತರ ಕ್ಲೆಮ್ಸನ್‌ನಲ್ಲಿ ಅವರ ಮನೆಯಂಗಳದಲ್ಲೇ ಹೆಚ್ಚುವರಿ ಸಮಯಕ್ಕೆ ಎಳೆದು 31-24ರಲ್ಲಿ ಗೆದ್ದರು. ಹತ್ತು ವರ್ಷದಿಂದ ಅಲ್ಲಿ ಗೆದ್ದಿರಲಿಲ್ಲ. ಆ ಪಂದ್ಯ ನಾನು ನೋಡಿದ್ದು ಟಿವಿಯಲ್ಲಿ. ಕೇಲನ್ ಡಿಲೋಚ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಬೀಳಿಸಿ, ಬಿದ್ದ ಚೆಂಡನ್ನು ತಾನೇ ಬಾಚಿಕೊಂಡು 56 ಗಜ ಓಡಿದ. ಅವನು ಗೆರೆ ದಾಟುವ ಹೊತ್ತಿಗೆ ನಾನು ಸೋಫಾದ ಮೇಲೆ ನಿಂತಿದ್ದೆ, ಹೇಗೆ ಹತ್ತಿದೆನೋ ಗೊತ್ತಿಲ್ಲ.

ಎಲ್ಲ ಪಂದ್ಯವೂ ಹೀಗೆ ಚಂದ ಇರಲಿಲ್ಲ. ಬಾಸ್ಟನ್ ಕಾಲೇಜ್ ಎದುರು ದೊಡ್ಡ ಅಂತರದಿಂದ ಮುಂದಿದ್ದವರು ಕೊನೆಗೆ 31-29ಕ್ಕೆ ಬಂದು ಉಸಿರು ಬಿಟ್ಟರು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಗೆದ್ದರು. ವರ್ಜೀನಿಯಾ ಟೆಕ್, ಸಿರಾಕ್ಯೂಸ್, ಡ್ಯೂಕ್, ವೇಕ್ ಫಾರೆಸ್ಟ್, ಪಿಟ್ಸ್‌ಬರ್ಗ್, ಮಿಯಾಮಿ ಅಂತ ಬಂದವರನ್ನೆಲ್ಲ ಗೆಲ್ಲುತ್ತಾ ಹೋದರು. ನೀವೂ ಅಕ್ಟೋಬರ್ 31ರ ಮೊದಲ ಪಟ್ಟಿಯಲ್ಲೇ ಅವರನ್ನು ನಾಲ್ಕನೇ ಸ್ಥಾನದಲ್ಲಿ ಇಟ್ಟಿದ್ದಿರಿ. ಪ್ಲೇಆಫ್‌ಗೆ ಆಗ ಹೋಗುತ್ತಿದ್ದುದು ನಾಲ್ಕೇ ತಂಡ.

ನವೆಂಬರ್ 18. ಮನೆಯಂಗಳದ ಕೊನೆಯ ಪಂದ್ಯ, ನಾರ್ತ್ ಅಲಬಾಮಾ ಜೊತೆ. ಗೆಲ್ಲುವುದು ಖಂಡಿತ ಅಂತ ಎಲ್ಲರೂ ಆರಾಮಾಗಿ ಬಂದಿದ್ದರು. ನೋಡನೋಡುತ್ತಲೇ ಎದುರಾಳಿ 13-0 ಮುಂದೆ ಹೋದರು. ಅದೇ ಹೊತ್ತಿಗೆ ಟ್ರಾವಿಸ್ ಚೆಂಡು ಹಿಡಿದು ಓಡಿದ. ಹಿಂದಿನಿಂದ ಹಿಡಿದು ಕೆಡವಿದರು. ಅವನ ಕಾಲು ಮೈ ಕೆಳಗೆ ಸಿಕ್ಕಿಕೊಂಡಿತು. ನಾವಿದ್ದ ಎತ್ತರದಿಂದ ಏನೂ ಸರಿಯಾಗಿ ಕಾಣಲಿಲ್ಲ. ಆದರೆ ಮೈದಾನದಲ್ಲಿ ಒಬ್ಬೊಬ್ಬರೇ ಆಟಗಾರರು ಮೊಣಕಾಲೂರಿ ಕೂತರು. ಬೆಂಚಿನಲ್ಲಿದ್ದವರೆಲ್ಲ ಎದ್ದು ಒಳಗೆ ಬಂದರು. ಆ ಸ್ಟೇಡಿಯಂನಲ್ಲಿ ಒಂದು ಡೋಲಿನ ಸದ್ದೂ ಇಲ್ಲದೆ ನಾನು ನೋಡಿದ್ದು ಅದೇ ಮೊದಲು. ಪಕ್ಕಕ್ಕೆ ತಿರುಗಿದೆ. ಅಜ್ಜ ಕಿವಿಯಿಂದ ರೇಡಿಯೊದ ವೈರು ತೆಗೆದು, ಬೆರಳಿಗೆ ಸುತ್ತಿ ಸುತ್ತಿ, ಜೇಬಿಗೆ ಹಾಕಿಕೊಂಡರು. ಏನಂದರು ರೇಡಿಯೊದಲ್ಲಿ ಅಂತ ನಾನು ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ, ಆದರೆ ಮನಸ್ಸಿಗೆ ತಗೊಂಡಿಲ್ಲ. ಎರಡನೇ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಬಂದ. 0-13ರಲ್ಲಿ ಹಿಂದಿದ್ದ, ನಾಯಕನನ್ನು ಗಾಡಿಯಲ್ಲಿ ಹೊರಗೆ ಕಳಿಸಿದ ತಂಡ ಅಲ್ಲಿಂದ 58 ಅಂಕ ಸೇರಿಸಿತು, ಒಂದನ್ನೂ ಬಿಟ್ಟುಕೊಡಲಿಲ್ಲ. 58-13. ಎದುರಾಳಿ ಸಣ್ಣವರು, ಒಪ್ಪಿದೆ. ಮುಂದಿನ ವಾರ ಗೇನ್ಸ್‌ವಿಲ್‌ಗೆ ಹೋದರು. ಫ್ಲೋರಿಡಾ ವಿಶ್ವವಿದ್ಯಾಲಯ ನಮ್ಮ ಹಳೇ ಹಗೆ, ಅವರ ಊರು, ಅವರ ಜನ. 24-15. ಗೆದ್ದರು. ಆ ಪಂದ್ಯದಲ್ಲಿ ರೋಡ್‌ಮೇಕರ್ ತಲೆಗೆ ಪೆಟ್ಟಾಯಿತು. ಡಿಸೆಂಬರ್ 2ರಂದು ಶಾರ್ಲೆಟ್‌ನಲ್ಲಿ ಎಸಿಸಿ ಫೈನಲ್, ಲೂಯಿವಿಲ್ ಎದುರು. ಎಸಿಸಿ ಅಂದರೆ ನಮ್ಮ ಕಾನ್ಫರೆನ್ಸ್, ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು. ಆಡಿಸಲು ಉಳಿದವನು ಮೂರನೆಯವನು, ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್.

ಆ ಪಂದ್ಯ ಕಣ್ಣಿಗೆ ಹಬ್ಬ ಅಂತ ನಾನೂ ಹೇಳುವುದಿಲ್ಲ. ಅರ್ಧ ಆಟಕ್ಕೆ 3-0. ಗ್ಲೆನ್ ಎಸೆದ 21ರಲ್ಲಿ ಕೈ ಸೇರಿದ್ದು ಎಂಟು, ಒಟ್ಟು 55 ಗಜ. ಟೋಫಿಲಿ ಅನ್ನುವ ಹುಡುಗ ಓಡಿ ಓಡಿ ತಂಡವನ್ನು ಎಳೆದ. ಆದರೆ ಇನ್ನೊಂದು ಕಡೆ ನೋಡಿ. ಲೂಯಿವಿಲ್‌ಗೆ ಇಡೀ ಆಟದಲ್ಲಿ ಸಿಕ್ಕಿದ್ದು 188 ಗಜ, ಆರು ಅಂಕ. ಜೇರೆಡ್ ವರ್ಸ್, ಬ್ರೇಡನ್ ಫಿಸ್ಕ್ ಇದ್ದ ಆ ಡಿಫೆನ್ಸ್ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಮನೆಯ ಯಜಮಾನ ಹಾಸಿಗೆ ಹಿಡಿದಾಗ ಉಳಿದವರೆಲ್ಲ ಒಂದೊಂದು ಕೈ ಹಚ್ಚಿ ಸಂಸಾರ ದಡ ಸೇರಿಸುತ್ತಾರಲ್ಲ, ಹಾಗಿತ್ತು ಆ ಆಟ. 16-6. ಹದಿಮೂರು ಪಂದ್ಯ, ಹದಿಮೂರು ಗೆಲುವು, ಎಸಿಸಿ ಚಾಂಪಿಯನ್.

ಮಾರನೇ ದಿನ ಭಾನುವಾರ ಮಧ್ಯಾಹ್ನ. ಅಜ್ಜನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಒಂದು ಮಿಷಿಗನ್. ಎರಡು ವಾಷಿಂಗ್ಟನ್. ಇಬ್ಬರೂ 13-0. ಮೂರು ಟೆಕ್ಸಸ್, 12-1. ಆಗಲೇ ಅಜ್ಜ ಕುರ್ಚಿಯಿಂದ ಎದ್ದರು. ನಾಲ್ಕು ಅಲಬಾಮಾ, 12-1. ಟಿವಿಯವರು ಆ ಕ್ಷಣಕ್ಕೆ ನಮ್ಮ ಹುಡುಗರು ಕೂತಿದ್ದ ಕೋಣೆಯನ್ನು ತೋರಿಸಿದರು. ಸಂಭ್ರಮ ಸಿಗುತ್ತದೆ ಅಂತ ಇಟ್ಟ ಕ್ಯಾಮೆರಾಕ್ಕೆ ಸಿಕ್ಕಿದ್ದು ತಲೆ ಹಿಡಿದುಕೊಂಡ ಹುಡುಗರು.

ಹಿಂದಿನ ಮಂಗಳವಾರದ ನಿಮ್ಮದೇ ಪಟ್ಟಿ ತೆಗೆದು ನೋಡಿ. ಫ್ಲೋರಿಡಾ ಸ್ಟೇಟ್ ನಾಲ್ಕು, ಟೆಕ್ಸಸ್ ಏಳು, ಅಲಬಾಮಾ ಎಂಟು. ಆಮೇಲೆ ಫ್ಲೋರಿಡಾ ಸ್ಟೇಟ್ ಏನು ತಪ್ಪು ಮಾಡಿತು? ಇನ್ನೊಂದು ಪಂದ್ಯ ಗೆದ್ದಿತು. ಗೆದ್ದು ಐದಕ್ಕೆ ಇಳಿಯಿತು. ನಾಲ್ಕು ತಂಡದ ಪ್ಲೇಆಫ್ ನಡೆದ ಹತ್ತು ವರ್ಷದಲ್ಲಿ, ದೊಡ್ಡ ಐದು ಕಾನ್ಫರೆನ್ಸ್‌ಗಳ ಚಾಂಪಿಯನ್ ಒಂದೂ ಸೋಲದೆ ಹೊರಗೆ ಉಳಿದದ್ದು ಅದೊಂದೇ ಸಲ.

ಅಲಬಾಮಾದವರ ಕಡೆಯ ಮಾತೂ ನನಗೆ ಗೊತ್ತು. ಅವರು ಹಿಂದಿನ ದಿನ ಸೋಲಿಸಿದ್ದು ಜಾರ್ಜಿಯಾವನ್ನು, 29 ಪಂದ್ಯ ಸತತವಾಗಿ ಗೆದ್ದು ಬಂದಿದ್ದವರನ್ನು. ದೊಡ್ಡ ಗೆಲುವೇ, ಇಲ್ಲ ಅನ್ನಲ್ಲ. ಅವರನ್ನು ಒಳಗೆ ಬಿಟ್ಟರೆ ಟೆಕ್ಸಸ್‌ನವರನ್ನೂ ಬಿಡಲೇಬೇಕು, ಯಾಕೆಂದರೆ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಅಲಬಾಮಾವನ್ನು ಅವರ ಊರಲ್ಲೇ 34-24ರಲ್ಲಿ ಕೆಡವಿತ್ತು. ನಿಮ್ಮ ಗಂಟು ಎಲ್ಲಿ ಬಿತ್ತು ಅಂತ ಅರ್ಥವಾಗುತ್ತದೆ. ಆದರೆ ಅದೇ ಅಲಬಾಮಾ, ನಾವು ಗೇನ್ಸ್‌ವಿಲ್‌ನಲ್ಲಿ ಗೆದ್ದ ದಿನವೇ, ಆಬರ್ನ್ ಎದುರು ಸೋಲಿನ ಬಾಗಿಲಲ್ಲಿತ್ತು. ಅರ್ಧ ನಿಮಿಷದ ಆಟ ಬಾಕಿ, ನಾಲ್ಕನೇ ಯತ್ನ, ಹೋಗಬೇಕಾದದ್ದು 31 ಗಜ. ದೇವರ ಮೇಲೆ ಭಾರ ಹಾಕಿ ಎಸೆದ ಚೆಂಡು ಮೂಲೆಯಲ್ಲಿ ಕೈಗೆ ಸಿಕ್ಕಿ 27-24 ಆಯಿತು. ಆ ಗೆಲುವನ್ನು ನೀವು ಗೆಲುವು ಅಂತಲೇ ಎಣಿಸಿದಿರಿ. ಸರಿಯಾಗಿಯೇ ಮಾಡಿದಿರಿ. ಗೆಲುವು ಹೇಗೆ ಬಂದರೂ ಗೆಲುವೇ. ನಮ್ಮ 16-6ಕ್ಕೆ ಮಾತ್ರ ಆ ಮರ್ಯಾದೆ ಯಾಕೆ ಸಿಗಲಿಲ್ಲ?

ಟ್ರಾವಿಸ್ ಇಲ್ಲದ ತಂಡ ಬೇರೆಯೇ ತಂಡ ಅಂದರು ನಿಮ್ಮ ಅಧ್ಯಕ್ಷರು. ನಿಮ್ಮ ನಿಯಮಾವಳಿಯಲ್ಲಿ ಅದಕ್ಕೆ ಒಂದು ಸಾಲು ಇದೆ. ಮುಖ್ಯ ಆಟಗಾರರೋ ಕೋಚ್‌ಗಳೋ ಇಲ್ಲದ್ದರಿಂದ ಸೀಸನ್ನಿನಲ್ಲಿ ತಂಡದ ಆಟಕ್ಕೆ ಪೆಟ್ಟು ಬಿದ್ದಿದೆಯೇ, ಇಲ್ಲವೇ ಮುಂದಿನ ಪ್ಲೇಆಫ್ ಆಟಕ್ಕೆ ಪೆಟ್ಟು ಬೀಳುವ ಸಂಭವ ಇದೆಯೇ ಅಂತ ಸಮಿತಿ ಗಮನಿಸಬಹುದು ಅನ್ನುತ್ತದೆ ಆ ಸಾಲು.

ನನ್ನ ತಕರಾರು ಪೂರ್ತಿ ಸಾಲಿನ ಮೇಲೆ ಅಲ್ಲ. ಅದರ ಮೊದಲರ್ಧ ನ್ಯಾಯವಾಗಿದೆ. ಅಕ್ಟೋಬರ್‌ನಲ್ಲಿ ಒಬ್ಬ ಆಟಗಾರ ಜ್ವರ ಬಂದು ಮಲಗಿದ, ಆ ವಾರ ತಂಡ ಸೋತಿತು, ಈಗ ಅವನು ವಾಪಸ್ ಬಂದಿದ್ದಾನೆ. ಆ ಸೋಲಿನ ಭಾರ ಸ್ವಲ್ಪ ಇಳಿಸಿ ನೋಡಿ ಅಂದರೆ ಯಾರಾದರೂ ಒಪ್ಪುತ್ತಾರೆ. ನಡೆದು ಹೋದ ಆಟಕ್ಕೆ ಕಾರಣ ಹುಡುಕುವ ಕೆಲಸ ಅದು. ಉಳಿದರ್ಧ ಹಾಗಲ್ಲ. ಅದು ನಡೆಯದೇ ಇರುವ ಆಟದ ಫಲಿತಾಂಶ ಹೇಳಲು ನಿಮಗೆ ಅಪ್ಪಣೆ ಕೊಡುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಕೂಸು ಹುಟ್ಟುವ ಮುಂಚೆ ತಿಥಿ ಮಾಡಿ ಮುಗಿಸಿದವರು ನೀವು.

ಅದರ ಪರಿಣಾಮ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸಿ. ಟ್ರಾವಿಸ್ ಕಾಲು ಸೆಪ್ಟೆಂಬರ್‌ನಲ್ಲೇ ಮುರಿದಿದ್ದು, ರೋಡ್‌ಮೇಕರ್ ಜೊತೆಗೇ ಅವರು ಹದಿಮೂರೂ ಗೆದ್ದಿದ್ದರೆ? 'ನೋಡಿ ಎಂಥ ತಂಡ' ಅಂತ ನೀವೇ ಕರೆದು ಕೂರಿಸುತ್ತಿದ್ದಿರಿ. ಅದೇ ಹದಿಮೂರು ಗೆಲುವು, ಅದೇ ಹುಡುಗರು. ಗಾಯ ಆದ ತಾರೀಕು ಮಾತ್ರ ಬೇರೆ. ಇದನ್ನು ನನಗಿಂತ ಮೊದಲೇ ಹೇಳಿದವನು ಟ್ರಾವಿಸ್. ನನ್ನ ಕಾಲು ಇನ್ನೂ ಮುಂಚೆ ಮುರಿಯಬಾರದಿತ್ತೇ, ಈ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗಿಂತ ಎಷ್ಟು ಹೆಚ್ಚು ಇದೆ ಅಂತ ಎಲ್ಲರಿಗೂ ಕಾಣುತ್ತಿತ್ತು ಅನ್ನುವ ಅರ್ಥದಲ್ಲಿ ಅವನು ಆ ದಿನವೇ ಬರೆದುಕೊಂಡ. ಇಪ್ಪತ್ತು ದಾಟಿದ ಒಬ್ಬ ಹುಡುಗ, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಗೆಳೆಯರ ಕನಸು ಮುರಿದದ್ದು ತನ್ನಿಂದ ಅಂತ ಕೊರಗುವ ಹಾಗೆ ಆಯಿತು. ನಿಮ್ಮ ಆ ಅರ್ಧ ಸಾಲು ಮಾಡಿದ ಕೆಲಸ ಅದು. ಇನ್ನು ಕೋಚ್‌ಗಳು ಇದರಿಂದ ಕಲಿಯುವ ಪಾಠ ಬೇರೆ. ನವೆಂಬರ್‌ನಲ್ಲಿ ಯಾರಿಗಾದರೂ ಪೆಟ್ಟಾದರೆ ಆದಷ್ಟು ಮುಚ್ಚಿಡು.

ನಿಮ್ಮದೇ ಹಳೇ ತೀರ್ಪೊಂದು ನಿಮಗೆ ನೆನಪಿರಬೇಕು. ಪ್ಲೇಆಫ್ ಶುರುವಾದದ್ದೇ 2014ರಲ್ಲಿ. ಆ ವರ್ಷ ಒಹಾಯೊ ಸ್ಟೇಟ್ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಸೀಸನ್ನಿಗೆ ಮುಂಚೆಯೇ ಭುಜದ ಗಾಯದಿಂದ ಹೊರಗೆ. ಎರಡನೆಯವನು ಜೆ.ಟಿ. ಬ್ಯಾರೆಟ್ ನವೆಂಬರ್ ಕೊನೆಯಲ್ಲಿ ಕಾಲು ಮುರಿದುಕೊಂಡ. ಮೂರನೆಯವನು ಕಾರ್ಡೇಲ್ ಜೋನ್ಸ್ ಕಾನ್ಫರೆನ್ಸ್ ಫೈನಲ್ ಆಡಿ ಗೆದ್ದ. ಒಂದು ಸೋಲು ಇದ್ದರೂ ಅವರನ್ನು ನಾಲ್ಕನೇ ಸ್ಥಾನಕ್ಕೆ ಎತ್ತಿ ಕೂರಿಸಿದ್ದು ನಿಮ್ಮ ಸಮಿತಿಯೇ. ಅವರು ಅಲಬಾಮಾವನ್ನು 42-35, ಆರಿಗನ್ ತಂಡವನ್ನು 42-20ರಲ್ಲಿ ಸೋಲಿಸಿ ಕಪ್ ಎತ್ತಿದರು. ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು! ಜೋನ್ಸ್ ಆ ಫೈನಲ್ ಗೆದ್ದದ್ದು 59-0ರಲ್ಲಿ, ಗ್ಲೆನ್ ಗೆದ್ದದ್ದು 16-6ರಲ್ಲಿ ಅಂತ ನೀವು ಹೇಳಬಹುದು. ನಿಜ. ಆದರೆ ಒಂದು ಸೋಲಿಗೆ ಆಗ ಕೊಟ್ಟ ರಿಯಾಯಿತಿಯ ಕಾಲು ಭಾಗವನ್ನು, ಸೋಲೇ ಇಲ್ಲದವರಿಗೆ ಕೊಟ್ಟಿದ್ದರೂ ಸಾಕಿತ್ತು.

ಈಗ ಎಲ್ಲರೂ ನನ್ನ ಬಾಯಿ ಮುಚ್ಚಿಸಲು ಎತ್ತುವ ಒಂದು ಸಂಖ್ಯೆಗೆ ಬರುತ್ತೇನೆ. 63-3. ಡಿಸೆಂಬರ್ 30ರ ಆರೆಂಜ್ ಬೌಲ್‌ನಲ್ಲಿ, ಅಂದರೆ ಸೀಸನ್ ಮುಗಿದ ಮೇಲೆ ಆಡಿಸುವ ಬೌಲ್ ಪಂದ್ಯಗಳಲ್ಲೊಂದರಲ್ಲಿ, ಜಾರ್ಜಿಯಾ ನಮ್ಮನ್ನು ಸೋಲಿಸಿದ ಲೆಕ್ಕ. ಬೌಲ್ ಪಂದ್ಯಗಳ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ಇರಲಿಲ್ಲ. 'ನೋಡಿದ್ರಾ, ಸಮಿತಿ ಹೇಳಿದ್ದೇ ಸರಿ' ಅಂದರು ಜನ. ಸ್ವಾಮಿ, ಆ ದಿನ ಆಡಿದ್ದು ಯಾವ ತಂಡ? ಕಿಯಾನ್ ಕೋಲ್ಮನ್ ಇರಲಿಲ್ಲ, ಜೇರೆಡ್ ವರ್ಸ್ ಇರಲಿಲ್ಲ, ಟ್ರೇ ಬೆನ್ಸನ್ ಇರಲಿಲ್ಲ. ಗಾಯದವರು, ಬೇರೆ ಕಾಲೇಜಿಗೆ ಹೊರಟವರು, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ತಯಾರಿ ಅಂತ ಕೈಬಿಟ್ಟವರು ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಆಡಲಿಲ್ಲ. ಪ್ಲೇಆಫ್ ಇದ್ದಿದ್ದರೆ ಇವರಲ್ಲಿ ಬಹುತೇಕರು ಒಂದು ಕಾಲಲ್ಲಾದರೂ ನಿಂತು ಆಡುತ್ತಿದ್ದರು. ಮೂಗಿಗೆ ತುಪ್ಪ ಸವರಿ ಕಳಿಸಿದ ಪಂದ್ಯಕ್ಕೆ ಯಾರು ತಾನೇ ಭವಿಷ್ಯ ಪಣಕ್ಕಿಡುತ್ತಾರೆ? ನಾನೂ ಇಡುತ್ತಿರಲಿಲ್ಲ.

ಮುಂದಿನ ವಸಂತದಲ್ಲಿ ಆ ತಂಡದ ಹತ್ತು ಜನರನ್ನು ಎನ್‌ಎಫ್‌ಎಲ್ ತಂಡಗಳು ಆರಿಸಿಕೊಂಡವು. ವರ್ಸ್ ಮೊದಲ ಸುತ್ತಿನಲ್ಲೇ ಲಾಸ್ ಏಂಜಲಿಸ್ ರ‍್ಯಾಮ್ಸ್‌ಗೆ ಹೋದ, ಆ ವರ್ಷದ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ ಅನ್ನಿಸಿಕೊಂಡ. ಫಿಸ್ಕ್ ಕೂಡ ಅದೇ ತಂಡಕ್ಕೆ. ಅಷ್ಟೆಲ್ಲ ಪ್ರತಿಭೆ ಇದ್ದ ಗುಂಪನ್ನು ನೀವು ಅಳೆದದ್ದು ಒಬ್ಬನ ಮುರಿದ ಕಾಲಿನಿಂದ. ಟ್ರಾವಿಸ್‌ನನ್ನು ಐದನೇ ಸುತ್ತಿನಲ್ಲಿ ನ್ಯೂಯಾರ್ಕ್ ಜೆಟ್ಸ್ ತಗೊಂಡರು. ಕಾಲು ಸರಿಹೋಗಲಿಲ್ಲ. 2025ರ ವಸಂತದಲ್ಲಿ, ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ, ಆಟವೇ ಬಿಟ್ಟ. ಅಂದರೆ ಆ ನವೆಂಬರ್ 18ರ ಓಟವೇ ಅವನ ಕೊನೆಯ ಓಟ. ಮೊಣಕಾಲೂರಿ ಕೂತ ಆ ಹುಡುಗರ ನಡುವೆ ಅವನು ಬಿದ್ದಿದ್ದು ಈಗ ನೆನಪಾದರೆ ಬೇರೆ ಥರ ಕಾಣುತ್ತದೆ.

ತಂಡವೂ ಆಮೇಲೆ ಚೇತರಿಸಿಕೊಳ್ಳಲಿಲ್ಲ. 2024ರಲ್ಲಿ ಎರಡು ಗೆಲುವು, ಹತ್ತು ಸೋಲು. ಅದಕ್ಕೆಲ್ಲ ನೀವೇ ಕಾರಣ ಅನ್ನುವಷ್ಟು ಪೆದ್ದ ನಾನಲ್ಲ. ಹಳಬರು ಹೋದರು, ಬಂದ ಹೊಸಬರು ಒಗ್ಗಲಿಲ್ಲ, ಕೋಚ್ ಕೂಡ ತಪ್ಪು ಮಾಡಿದರು. 2025ರ ಮೊದಲ ಪಂದ್ಯಕ್ಕೆ ಅದೇ ಅಲಬಾಮಾ ಟ್ಯಾಲಹಾಸೀಗೆ ಬಂತು. 31-17ರಲ್ಲಿ ಸೋಲಿಸಿ ಕಳಿಸಿದೆವು. ಆ ರಾತ್ರಿ ಅಜ್ಜ ನನ್ನ ಬೆನ್ನಿಗೆ ಹೊಡೆದ ಏಟು ಎರಡು ದಿನ ನೋಯುತ್ತಿತ್ತು. ಆದರೆ ವರ್ಷದ ಕೊನೆಗೆ ಅಲಬಾಮಾ ಪ್ಲೇಆಫ್‌ಗೆ ಹೋಯಿತು, ನಾವು ಐದೇ ಪಂದ್ಯ ಗೆದ್ದು ಮನೆಯಲ್ಲಿ ಕೂತೆವು. ಅದರ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ಆಡಿ ಸೋತದ್ದು. ಸೋತವರು ಹೊರಗೆ ಇರಬೇಕು.

2023ರ ಗದ್ದಲದಲ್ಲಿ ರಾಜಕಾರಣಿಗಳೂ ನುಗ್ಗಿದರು. ರಾಜ್ಯದ ಅಟಾರ್ನಿ ಜನರಲ್ ತನಿಖೆ ಅಂದರು, ಗವರ್ನರ್ ಬಜೆಟ್ ಪ್ರಸ್ತಾವದಲ್ಲಿ ಮೊಕದ್ದಮೆಗೆ ಅಂತ ಹತ್ತು ಲಕ್ಷ ಡಾಲರ್ ಬರೆದರು. ವಿಶ್ವವಿದ್ಯಾಲಯ ತನ್ನದೇ ಕಾನ್ಫರೆನ್ಸ್ ಮೇಲೆ ಕೋರ್ಟಿಗೆ ಹೋಯಿತು. ಅದು ಬೇರೆಯದೇ ದುಡ್ಡಿನ ಕಥೆ. ಮೈದಾನದಲ್ಲಿ ಬೆವರು ಸುರಿಸಿದ ಹುಡುಗರಿಗೆ ಅದರಿಂದ ಏನೂ ಸಿಗಲಿಲ್ಲ.

'ಈಗ ಹನ್ನೆರಡು ತಂಡ ಇವೆಯಲ್ಲ, ಹಳೇ ಗಾಯ ಯಾಕೆ ಕೆರೆಯುತ್ತೀರಿ' ಅಂತ ನೀವು ಕೇಳಬಹುದು. 2024ರಿಂದ ಹನ್ನೆರಡು ಆಗಿದೆ, ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಜಾಗ ಗ್ಯಾರಂಟಿ. 2023ರಂಥದ್ದು ಹಾಗೇ ಮತ್ತೆ ಆಗಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಜಗಳ ನಾಲ್ಕು-ಐದರಿಂದ ಹತ್ತು-ಹನ್ನೊಂದಕ್ಕೆ ಜರುಗಿದೆ ಅಷ್ಟೇ. ಕೊನೆಯ ಜಾಗಕ್ಕೆ ಎರಡು ತಂಡ ಸಮ ಸಮ ನಿಂತಾಗ, ಒಂದರ ಕ್ವಾರ್ಟರ್‌ಬ್ಯಾಕ್ ಊರುಗೋಲು ಹಿಡಿದಿದ್ದರೆ ನೀವು ಮತ್ತೆ ಅದೇ ಅರ್ಧ ಸಾಲನ್ನು ತೆಗೆಯುತ್ತೀರಿ. ಪ್ಲೇಆಫ್‌ನಲ್ಲಿ ಯಾವ ಜಾಗ, ಯಾರ ಜೊತೆ ಆಟ, ಮನೆಯಲ್ಲೋ ಹೊರಗೋ ಅನ್ನುವುದಕ್ಕೂ ಅದೇ ಸಾಲು ಕೆಲಸಕ್ಕೆ ಬರುತ್ತದೆ.

ಬೇರೆ ದಾರಿ ನಿಮಗೆ ಗೊತ್ತಿಲ್ಲ ಅಂತಲೂ ಅಲ್ಲ. 2025ರ ಡಿಸೆಂಬರ್‌ನಲ್ಲಿ ಮಿಯಾಮಿ ಮತ್ತು ನೋಟರ್ ಡೇಮ್, ಇಬ್ಬರದೂ 10-2. ವಾರಗಟ್ಟಲೆ ನೋಟರ್ ಡೇಮ್‌ನವರನ್ನು ಮೇಲೆ ಇಟ್ಟುಕೊಂಡು ಬಂದವರು, ಕೊನೆಯ ಪಟ್ಟಿಯಲ್ಲಿ ಮಿಯಾಮಿಯನ್ನು ಹತ್ತಕ್ಕೆ, ಅವರನ್ನು ಹನ್ನೊಂದಕ್ಕೆ ಹಾಕಿದಿರಿ. ಸೀಸನ್ನಿನ ಶುರುವಿನಲ್ಲಿ ಇಬ್ಬರೂ ಆಡಿದಾಗ ಮಿಯಾಮಿ 27-24ರಲ್ಲಿ ಗೆದ್ದಿತ್ತು, ಕೊನೆಗೆ ಅದನ್ನು ನೋಡಿದಿರಿ. ಮಿಯಾಮಿ ನಮಗೆ ಹಳೇ ವೈರಿ, ಅವರ ಪರ ಮಾತಾಡಿದ್ದು ಅಜ್ಜನಿಗೆ ಗೊತ್ತಾದರೆ ನನ್ನ ಜೊತೆ ಮಾತು ಬಿಡುತ್ತಾರೆ. ಆದರೂ ಹೇಳುತ್ತೇನೆ, ಆವತ್ತು ನೀವು ಮಾಡಿದ್ದು ಸರಿ. ಇಬ್ಬರೂ ಮೈದಾನಕ್ಕೆ ಇಳಿದಿದ್ದರು, ಒಬ್ಬರು ಗೆದ್ದಿದ್ದರು. ಊಹೆಗೆ ಅಲ್ಲಿ ಕೆಲಸ ಇರಲಿಲ್ಲ.

ನಾನು ಕೇಳುತ್ತಿರುವುದು ತುಂಬಾ ಸಣ್ಣದು. 2023ರ ಪಟ್ಟಿ ತಿದ್ದಿ ಅನ್ನುತ್ತಿಲ್ಲ. ಮಿಷಿಗನ್ ಗೆದ್ದಿತು, ವಾಷಿಂಗ್ಟನ್ ತಂಡವನ್ನು 34-13ರಲ್ಲಿ ಸೋಲಿಸಿತು, ಕಪ್ ಅವರದು. ಕ್ಷಮೆಯೂ ಬೇಡ. ಆ ಸಾಲಿನ ಎರಡನೇ ಅರ್ಧವನ್ನು ಹೊಡೆದು ಹಾಕಿ. ಆಟಗಾರ ಇಲ್ಲದ್ದರಿಂದ ಹಿಂದೆ ಏನಾಯಿತು ಅಂತ ನೋಡಿ, ಮುಂದೆ ಏನಾಗುತ್ತದೆ ಅನ್ನುವುದನ್ನು ಆಡುವವರಿಗೇ ಬಿಡಿ. ಟೆಕ್ಸಸ್‌ನ ಗ್ರೇಪ್‌ವೈನ್‌ನ ಹೋಟೆಲಿನಲ್ಲಿ ನೀವು ಹೇಗೂ ಸೇರುತ್ತೀರಿ. ಒಂದು ಪೆನ್ನು, ಒಂದು ಗೀಟು, ಹತ್ತು ನಿಮಿಷದ ಕೆಲಸ.

ಕಳೆದ ತಿಂಗಳು ಅಜ್ಜ ನನ್ನನ್ನು ಹುಲ್ಲಿನ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದರು. ಹೆಸರು ಕೇಳಿ ಹೆದರಬೇಡಿ, ಅಭ್ಯಾಸದ ಮೈದಾನದ ಹತ್ತಿರ ಇರುವ ಒಂದು ಸಣ್ಣ ತೋಟ ಅದು. ಹೊರಗೆ ಹೋಗಿ ದೊಡ್ಡ ಪಂದ್ಯ ಗೆದ್ದರೆ ಆ ಮೈದಾನದ ಒಂದು ತುಂಡು ಹುಲ್ಲನ್ನು ಕಿತ್ತು ತಂದು ಇಲ್ಲಿ ಹೂಳುತ್ತಾರೆ. ಮೇಲೆ ಒಂದು ಫಲಕ, ಎದುರಾಳಿಯ ಹೆಸರು, ಅಂಕ. 1962ರಲ್ಲಿ ಜಾರ್ಜಿಯಾವನ್ನು 18-0ರಲ್ಲಿ ಸೋಲಿಸಿದಾಗ ಶುರುವಾದ ವಾಡಿಕೆ. ಅಜ್ಜ ಒಂದೊಂದೇ ಫಲಕದ ಮುಂದೆ ನಿಂತು, ಆವತ್ತು ಮಳೆ ಇತ್ತು, ಆವತ್ತು ಕಿಕ್ ಹೊಡೆದವನು ಇಂಥವನು ಅಂತ ಹೇಳುತ್ತಾ ಬಂದರು. ಆಮೇಲೆ ಫಲಕ ಇಲ್ಲದ ಒಂದು ಜಾಗದಲ್ಲಿ ನಿಂತು ಚಪ್ಪಲಿಯಿಂದ ನೆಲ ಒತ್ತಿ ನೋಡಿದರು.

'ಇಲ್ಲಿ ಪಾಸಡೀನಾದ ಹುಲ್ಲು ಬರಬೇಕಿತ್ತು' ಅಂದರು. ನಾಲ್ಕನೇ ಸ್ಥಾನದವರಿಗೆ ಮಿಷಿಗನ್ ಜೊತೆ ಸೆಮಿಫೈನಲ್ ನಡೆದದ್ದು ಅಲ್ಲಿಯ ರೋಸ್ ಬೌಲ್‌ನಲ್ಲಿ.

'ಸೋತಿದ್ದರೆ?' ಅಂತ ಕೇಳಿದೆ.

'ಸೋತಿದ್ದರೆ ಬರುತ್ತಿರಲಿಲ್ಲ' ಅಂದರು ಅಜ್ಜ. 'ಆದರೆ ಹೋಗಿ ಸೋತಿರುತ್ತಿದ್ದೆವು.'

ಇಂತಿ ನಿಮ್ಮ,
ಡೋಕ್ ಕ್ಯಾಂಪ್‌ಬೆಲ್ ಸ್ಟೇಡಿಯಂನ ಮೇಲಿನ ಸಾಲಿನ ಒಬ್ಬ ಕನ್ನಡಿಗ